ಹುಳಿ ಅಡಿಗೆಗೆ ಯಾವ ಪಾತ್ರೆ?

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಮನೆಗಳಲ್ಲಿ ಮದುವೆ, ಹಬ್ಬ ಬಂತೆಂದರೆ ಅಟ್ಟದಲ್ಲಿದ್ದ ಹಿತ್ತಾಳೆ ಕೊಳದಪ್ಪಲೆಗಳು ಕೆಳಗಿಳಿಯುತ್ತವೆ. ಹುಣಿಸೆಹಣ್ಣು ಹಾಕಿ ಉಜ್ಜಿದರೆ ಫಳಫಳ ಹೊಳೆಯುತ್ತವೆ. ಹುಣಿಸೆಯ ಆಮ್ಲವು ಲೋಹದ ಮೇಲಿನ ಕಿಲುಬನ್ನು ಕರಗಿಸಿದ್ದೇ ಈ ಹೊಳಪಿಗೆ ಕಾರಣ. ತೊಳೆಯುವಾಗ ಕರಗಿದ್ದು ಚರಂಡಿಗೆ ಹೋಗುತ್ತದೆ. ಆದರೆ ಕಲಾಯಿಯಿಲ್ಲದ ಅದೇ ಪಾತ್ರೆಯಲ್ಲಿ ಹುಳಿಸಾರು ಮಾಡಿಟ್ಟರೆ ಕರಗಿದ್ದು ಹೊಟ್ಟೆಗೇ ಹೋಗುತ್ತದೆ.

ಎಲ್ಲ ಲೋಹಗಳೂ ಹುಳಿಗೆ ಸಮನಾಗಿ ಸೋಲುವುದಿಲ್ಲ. ಹೈಸ್ಕೂಲಿನಲ್ಲಿ ಓದುವ ಲೋಹಗಳ ಕ್ರಿಯಾಶೀಲತೆಯ ಶ್ರೇಣಿಯನ್ನು ನಿಮ್ಮ ಮಕ್ಕಳನ್ನು ಕೇಳಿ ನೋಡಿ. ಮೇಲ್ತುದಿಯಲ್ಲಿ ಪೊಟ್ಯಾಸಿಯಂ, ಸೋಡಿಯಂ. ನೀರು ತಾಕಿದರೆ ಉರಿದೇಳುವ ಇವನ್ನು ಸೀಮೆಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ಕೆಳಕ್ಕೆ ಬಂದಂತೆ ಅಲ್ಯೂಮಿನಿಯಂ, ಸತು, ಕಬ್ಬಿಣ, ತವರ, ಸೀಸ, ತಾಮ್ರ, ಬೆಳ್ಳಿ, ಕೊನೆಗೆ ಚಿನ್ನ. ಚಿನ್ನ ಯಾವ ಸಾರಿಗೂ ಜಗ್ಗದು. ಆದರೆ ಅದರಲ್ಲಿ ಅಡಿಗೆ ಮಾಡುವ ಭಾಗ್ಯ ನಮಗೆಲ್ಲಿ?

ಹಾಗಾದರೆ ಕೆಳಗಿರುವ ತಾಮ್ರಕ್ಕೇಕೆ ಹೆದರಬೇಕು? ಅಡಿಗೆಯ ಹುಳಿಯೊಂದೇ ತಾಮ್ರವನ್ನು ಅಷ್ಟಾಗಿ ಕರಗಿಸದು. ಜೊತೆಗೆ ಗಾಳಿಯ ಆಮ್ಲಜನಕ ಸೇರಿದರೆ ತಾಮ್ರದ ಆಕ್ಸೈಡ್ ಉಂಟಾಗಿ, ಅದು ಸುಲಭವಾಗಿ ಕರಗುತ್ತದೆ. ಆದ್ದರಿಂದ ಹೊತ್ತು ಕಳೆದಷ್ಟೂ ಅಪಾಯ ಹೆಚ್ಚು. ತಾಮ್ರದ ಚೆಂಬಿನಲ್ಲಿ ಬರೀ ನೀರು ಕುಡಿಯುವವರು ಗಾಬರಿಯಾಗಬೇಕಿಲ್ಲ. ಮಜ್ಜಿಗೆ, ನಿಂಬೆಹಣ್ಣಿನ ಪಾನಕ ಮಾತ್ರ ಅದರಲ್ಲಿ ಬೇಡ.

ಅಲ್ಯೂಮಿನಿಯಂ ಮೇಲಿನ ಸ್ಥಾನದಲ್ಲಿದ್ದರೂ ಕೂಡಲೇ ಕರಗುವುದಿಲ್ಲ. ಗಾಳಿ ತಾಕಿದೊಡನೆ ಅದರ ಮೇಲೆ ಆಕ್ಸೈಡಿನ ತೆಳುಪೊರೆ ಕಟ್ಟಿಕೊಳ್ಳುತ್ತದೆ. ಉಪ್ಪು, ಹುಳಿ ಈ ಪೊರೆಯನ್ನು ಕೊರೆಯುತ್ತವೆ. ಅದರಲ್ಲಿ ಅನ್ನ ಮಾಡಿಕೊಳ್ಳಿ, ಉಪ್ಪಿನಕಾಯಿ ತುಂಬಿಡಬೇಡಿ. ಮೂತ್ರಪಿಂಡದ ಕಾಯಿಲೆ ಇರುವವರು ಇದನ್ನು ಮುಖ್ಯವಾಗಿ ಗಮನಿಸಬೇಕು, ಏಕೆಂದರೆ ದೇಹ ಸೇರಿದ ಅಲ್ಯೂಮಿನಿಯಂ ಹೊರಹೋಗುವುದು ಮೂತ್ರದ ಮೂಲಕ.

ನಮ್ಮ ಹಿರಿಯರು ಕಂಡುಕೊಂಡ ಉಪಾಯವೇ ಕಲಾಯಿ. ಪಾತ್ರೆಯನ್ನು ಕಾಯಿಸಿ, ನವಸಾಗರ ಉಜ್ಜಿ, ತವರವನ್ನು ಕರಗಿಸಿ ಬಳಿಯುತ್ತಾರೆ. ಶ್ರೇಣಿಯಲ್ಲಿ ತವರ ತಾಮ್ರಕ್ಕಿಂತ ಮೇಲಿದೆ. ಆದರೂ ಅಡಿಗೆಯ ಹುಳಿಗೆ ಅದು ಬಹಳ ನಿಧಾನವಾಗಿ ಕರಗುತ್ತದೆ, ಕರಗಿದ ಅಲ್ಪಸ್ವಲ್ಪವೂ ದೇಹಕ್ಕೆ ಅಷ್ಟು ಕೆಡುಕಲ್ಲ. ಒಳಗೆ ಹಳದಿಯೋ ಕೆಂಪೋ ಇಣುಕಿದರೆ ಮತ್ತೆ ಕಲಾಯಿ ಹಾಕಿಸಬೇಕು. ಕಲಾಯಿಯವರಿಗೆ ಶುದ್ಧ ತವರವನ್ನೇ ಬಳಸಲು ಹೇಳಿ. ಅಗ್ಗವೆಂದು ಸೀಸ ಬೆರೆಸಿದರೆ ಕೆಡುಕು ತಕ್ಷಣ ಕಾಣುವುದಿಲ್ಲ: ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ನಿಧಾನವಾಗಿ ಬರುತ್ತವೆ, ಮಕ್ಕಳ ಬುದ್ಧಿಶಕ್ತಿಯೇ ಕುಂದುತ್ತದೆ.

ಜಾತ್ರೆ, ತೇರುಗಳಲ್ಲಿ ಪಾನಕ, ಮಜ್ಜಿಗೆ ಹಂಚುವ ಪುಣ್ಯಾತ್ಮರಿಗೆ ಒಂದು ಮಾತು. ಸತುವಿನ ಲೇಪವಿರುವ ತಗಡಿನ ಬಕೆಟ್, ಡ್ರಮ್ಮುಗಳಲ್ಲಿ ಇವನ್ನು ಕಲಸಿಡಬೇಡಿ. ಹುಳಿಗೆ ಸತು ಬೇಗ ಕರಗುತ್ತದೆ, ಕುಡಿದವರಿಗೆಲ್ಲ ವಾಂತಿಯಾಗಬಹುದು. ಸ್ಟೀಲ್ ಪಾತ್ರೆ ಉತ್ತಮ, ಉಪ್ಪಿನಕಾಯಿಗೆ ಪಿಂಗಾಣಿ ಭರಣಿ.

ಕಬ್ಬಿಣದ ಬಾಣಲೆಯ ಮಾತೇ ಬೇರೆ. ಹುಳಿಗೆ ಕರಗಿದ ಕಬ್ಬಿಣ ರಕ್ತಕ್ಕೆ ಬೇಕಾದದ್ದೇ. ಪಲ್ಯ ಕಪ್ಪಾಯಿತೆಂದು ಚೆಲ್ಲಬೇಡಿ. ಆದರೆ ಎಲ್ಲ ರಕ್ತಹೀನತೆಗೂ ಕಬ್ಬಿಣ ಮದ್ದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕಾಣುವ ಸಿಕಲ್ ಸೆಲ್ ಕಾಯಿಲೆ ಹುಟ್ಟಿನಿಂದ ಬರುವಂಥದ್ದು. ಅವರು ರಕ್ತಪರೀಕ್ಷೆ ಮಾಡಿಸದೆ ಕಬ್ಬಿಣದ ಮಾತ್ರೆ ನುಂಗಬಾರದು.

ಊಟವಾದ ಅರ್ಧ, ಒಂದು ಗಂಟೆಯೊಳಗೆ ಹಲವರಿಗೆ ಒಟ್ಟಿಗೆ ವಾಂತಿ, ಹೊಟ್ಟೆನುಲಿತ ಬಂದು, ಬಾಯಿ ಲೋಹ ನೆಕ್ಕಿದಂತಿದ್ದರೆ ಪಾತ್ರೆಯ ಮೇಲೂ ಅನುಮಾನವಿರಲಿ. ತಾಮ್ರವಾದರೆ ವಾಂತಿ ಹಸಿರು-ನೀಲಿ ಬಣ್ಣಕ್ಕಿರಬಹುದು. ಬಲವಂತವಾಗಿ ವಾಂತಿ ಮಾಡಿಸಬೇಡಿ, ನಿಂಬೆರಸ ಕುಡಿಸಬೇಡಿ. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಯಾವ ಪಾತ್ರೆಯಲ್ಲಿ ಏನು ಮಾಡಿತ್ತು, ಎಷ್ಟು ಹೊತ್ತು ಇಟ್ಟಿತ್ತು ಎಂಬುದನ್ನು ವೈದ್ಯರಿಗೆ ತಿಳಿಸಿ. ಉಳಿದದ್ದನ್ನು ಚೆಲ್ಲದೆ ಗಾಜಿನ ಬಾಟಲಿಯಲ್ಲಿ ಸ್ವಲ್ಪ ತೆಗೆದುಕೊಂಡು ಹೋಗಿ.