ಒಂದು ಹಲ್ಲಿನಿಂದ ಆನೆ

ಯಾದಗಿರಿ ಜಿಲ್ಲೆಯ ನಾರಾಯಣಪುರದಲ್ಲಿ ಕೃಷ್ಣಾನದಿಗೆ ಕಟ್ಟಿರುವ ಬಸವಸಾಗರವನ್ನು ನೋಡಲು ಹೋಗುವವರು ಅನೇಕರು. ಅದೇ ಸೀಮೆಯ ಹುಣಸಗಿ–ಬೈಚಬಾಳ ಕಣಿವೆಗಳನ್ನು ನೋಡಲೆಂದೇ ಹೋಗುವವರು ವಿರಳ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ಶೋಧಿಸಿದ ಈ ಕಣಿವೆಗಳಲ್ಲಿ ಆದಿಮಾನವನ ಕೈಕೊಡಲಿಗಳಲ್ಲದೆ ಪ್ರಾಣಿಗಳ ಹಲ್ಲುಗಳೂ ದೊರೆತಿವೆ. ಅವುಗಳಲ್ಲಿ ಆನೆಯ ದವಡೆಹಲ್ಲೊಂದರ ವಯಸ್ಸು, ಯುರೇನಿಯಂ–ಥೋರಿಯಂ ಕ್ರಮದಿಂದ ಅಳೆದಾಗ, ಸುಮಾರು 2,90,000 ವರ್ಷಗಳೆಂದು ತಿಳಿದುಬಂದಿತು.

ಆ ಆನೆಯನ್ನು ಗಣಕಯಂತ್ರದ ತೆರೆಯ ಮೇಲೆ ಮತ್ತೆ ನಿಲ್ಲಿಸಬಹುದೆ? ಇಂದಿನ ಶಿಲ್ಪಿಗೆ ಜೇಡಿಮಣ್ಣು ಬೇಕಿಲ್ಲ. ಸಹಸ್ರಾರು ಚಿಕ್ಕ ಚತುರ್ಭುಜಗಳ ಬಲೆಯಿಂದಾದ ಗೋಳವೊಂದು ತೆರೆಯ ಮೇಲೆ ಮೂಡುತ್ತದೆ. ಲೇಖನಿಯಿಂದ ಒತ್ತಿದರೆ ತಗ್ಗಾಗುವುದು, ಎಳೆದರೆ ಉಬ್ಬುವುದು. ಕಷ್ಟವಿರುವುದು ಎಲ್ಲಿ ಒತ್ತಬೇಕು, ಎಲ್ಲಿ ಎಳೆಯಬೇಕು ಎಂಬುದರಲ್ಲಿ.

ಹಲ್ಲು ಕೆಲವನ್ನು ಖಚಿತವಾಗಿ ನುಡಿಯುತ್ತದೆ. ಆನೆಯ ದವಡೆಹಲ್ಲು ಅಡ್ಡಲಾಗಿ ಜೋಡಿಸಿದ ಫಲಕಗಳಿಂದಾದುದು. ಫಲಕಗಳ ಸಂಖ್ಯೆ, ದಂತಕವಚದ ದಪ್ಪ, ಸವೆದ ಮೇಲ್ಮೈಯ ರೇಖೆಗಳು ಇವುಗಳಿಂದ ಪ್ರಾಣಿಯ ಕುಲವನ್ನು ಗುರುತಿಸಬಹುದು. ಜೀವಮಾನದಲ್ಲಿ ದವಡೆಯ ಒಂದೊಂದು ಪಾರ್ಶ್ವದಲ್ಲಿಯೂ ಆರು ಹಲ್ಲುಗಳು ಒಂದರ ಹಿಂದೊಂದು ಬರುವುದರಿಂದ, ಆನೆಯ ಪ್ರಾಯವನ್ನೂ ಊಹಿಸಬಹುದು. ಅಷ್ಟೇ. ತಲೆಗೆ ನರ್ಮದಾ ಕಣಿವೆಯ ಪೇಲಿಯೋಲಾಕ್ಸೊಡಾನ್ ನಮಾಡಿಕಸ್ ಎಂಬ ಪ್ರಾಚೀನ ಗಜದ ತಲೆಬುರುಡೆಯನ್ನು ಶಿಲ್ಪಿಯು ಎರವಲು ತಂದನೆಂದರೆ, ಆಗಲೇ ಊಹೆಯ ನೆಲದ ಮೇಲೆ ಕಾಲಿಟ್ಟಂತೆ.

ಬುರುಡೆಯೊಂದು ಕೈಗೆ ಬಂದಿತೆನ್ನೋಣ. ಮೂಳೆಯ ಮೇಲಿನ ಒರಟು ಗುರುತುಗಳು ಸ್ನಾಯುಗಳು ಅಂಟಿಕೊಂಡಿದ್ದ ಎಡೆಯನ್ನು ತೋರಿಸುತ್ತವೆ. ಸೊಂಡಿಲಿನಲ್ಲಿ ಮೂಳೆಯೇ ಇಲ್ಲ. ಆದರೂ ಮುಖದ ಮೇಲ್ಭಾಗದಲ್ಲಿ ಬಾಯ್ದೆರೆದ ವಿಶಾಲವಾದ ನಾಸಿಕದ್ವಾರವೂ, ಅದರ ನರಗಳು ಹಾದುಬರುವ ದೊಡ್ಡ ರಂಧ್ರಗಳೂ ಸೊಂಡಿಲಿಗೆ ಸಾಕ್ಷಿಯಾಗಿವೆ. ಪಾದದ ಎಲುಬುಗಳನ್ನು ನೋಡಿದರೆ ಆನೆ ತುದಿಬೆರಳ ಮೇಲೆ ನಿಂತಂತಿದೆ! ಹಿಮ್ಮಡಿಯ ಕೆಳಗಿನ ಕೊಬ್ಬಿನ ಮೆತ್ತೆಯನ್ನು ತುಂಬಿದ ಮೇಲೆಯೇ ನಮಗೆ ಪರಿಚಿತವಾದ ಕಂಬದಂತಹ ಕಾಲು ದೊರೆಯುವುದು. ಎಲುಬಿನ ಮೇಲೆ ಚರ್ಮವನ್ನಷ್ಟೇ ಬಿಗಿದು ಸುತ್ತಿದ ಹಳೆಯ ಚಿತ್ರಗಳ ದೋಷ ಇಲ್ಲಿದೆ.

ಕಿವಿಯ ವಿಷಯದಲ್ಲಿ ಎಲುಬು ಮೂಕವಾಗಿದೆ. ಉಣ್ಣೆಯ ಮ್ಯಾಮತ್ ಆನೆಗೆ ಕಿವಿ ಚಿಕ್ಕದಿದ್ದಿತೆಂದು ತಿಳಿದುದು ಸೈಬೀರಿಯದ ಹೆಪ್ಪುನೆಲದಲ್ಲಿ ಕೆಡದೆ ಉಳಿದ ದೇಹಗಳಿಂದ. ಕೃಷ್ಣೆಯ ತೀರದಲ್ಲಿ ಅಂತಹ ಹಿಮವೆಲ್ಲಿಯದು? ಇಲ್ಲಿ ಬದುಕಿರುವ ಬಂಧುಗಳಾದ ಏಷ್ಯದ ಮತ್ತು ಆಫ್ರಿಕದ ಆನೆಗಳನ್ನು ಹೋಲಿಸಿ ನೋಡಬೇಕು. ಎರಡಕ್ಕೂ ಸಮಾನವಾದ ಲಕ್ಷಣವನ್ನು ಧೈರ್ಯದಿಂದ ಕೊಡಬಹುದು. ಭಿನ್ನವಾದುದರಲ್ಲಿ ಸಂಕೋಚ ಲೇಸು.

ವಿಚಿತ್ರವೆಂದರೆ, ನೋಡುಗನನ್ನು ಹೆಚ್ಚು ನಂಬಿಸುವುದು ಚರ್ಮದ ಸುಕ್ಕು, ಕೂದಲು, ಬಣ್ಣ. ಇವುಗಳಿಗೇ ಆಧಾರ ಅತ್ಯಲ್ಪ. ಆದುದರಿಂದ ಮೂರ್ತಿಯ ಜೊತೆಗೆ ಇನ್ನೊಂದು ಪ್ರತಿಯನ್ನೂ ತಯಾರಿಸಿ, ಎಲುಬಿನಿಂದ ತಿಳಿದುದಕ್ಕೆ ಒಂದು ಬಣ್ಣ, ಬಂಧುಗಳಿಂದ ತಿಳಿದುದಕ್ಕೆ ಇನ್ನೊಂದು, ಬರಿಯ ಊಹೆಗೆ ಮತ್ತೊಂದು ಬಳಿಯುವುದು ಪ್ರಾಮಾಣಿಕ ಕ್ರಮವೆಂದು ನನ್ನ ಅಭಿಪ್ರಾಯ. ಹುಣಸಗಿಯ ಆನೆಯಲ್ಲಿ ಮೊದಲನೆಯ ಬಣ್ಣ ಬೀಳುವುದು ಒಂದು ಹಲ್ಲಿಗೆ ಮಾತ್ರ.

ಸುಕ್ಕುಗಳನ್ನು ಸಿದ್ಧ ಅಚ್ಚಿನಿಂದ ಒತ್ತುವ ಸೌಕರ್ಯ ಗಣಕದಲ್ಲಿದೆ. ವಿದ್ಯಾರ್ಥಿಗಳು ಅದನ್ನು ಬಳಸುವ ಮೊದಲು ಶಿವಮೊಗ್ಗದ ಬಳಿಯ ಸಕ್ರೆಬೈಲು ಬಿಡಾರದಲ್ಲಿ, ಆನೆ ಮಂಡಿಯೂರಿದಾಗ ಕೀಲಿನ ಬಳಿ ಚರ್ಮ ಯಾವ ದಿಕ್ಕಿಗೆ ಮಡಿಯುತ್ತದೆಂಬುದನ್ನು ಒಮ್ಮೆ ನಿಂತು ನೋಡಲಿ.