ಅರ್ಧವಿರಾಮ

ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಇಂಜಿನಿಯರಿಂಗ್ ಕಾಲೇಜೊಂದು ಸ್ಥಾಪನೆಯಾಯಿತು. ಇಂತಹ ಕಾಲೇಜುಗಳನ್ನು ಸೇರುವ ತರುಣ ತರುಣಿಯರು ಕಂಪ್ಯೂಟರಿಗೆ ಆಜ್ಞೆಗಳನ್ನು ಬರೆಯಲು ಕಲಿಯುವ ಭಾಷೆಗಳಲ್ಲಿ ‘ಸಿ’ ಮುಖ್ಯವಾದುದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಎಂಬವರು 1972ರ ಸುಮಾರಿಗೆ ಇದನ್ನು ರೂಪಿಸಿದರು.

ಕನ್ನಡ ವಾಕ್ಯದ ಕೊನೆಯಲ್ಲಿ ಪೂರ್ಣವಿರಾಮ ಬಿಟ್ಟುಹೋದರೂ ಓದುಗನು ಅರ್ಥವನ್ನು ಊಹಿಸಿಕೊಳ್ಳುತ್ತಾನೆ. ಯಂತ್ರಕ್ಕೆ ಆ ಔದಾರ್ಯವಿಲ್ಲ. ‘ಸಿ’ಯಲ್ಲಿ ಸರಳವಾದ ಪ್ರತಿಯೊಂದು ಆಜ್ಞೆಯೂ ಅರ್ಧವಿರಾಮದಿಂದ ಮುಗಿಯಬೇಕು. ಐದನೆಯ ಸಾಲಿನಲ್ಲಿ ಅದು ಬಿಟ್ಟುಹೋಯಿತೆನ್ನೋಣ. ಬರೆದುದನ್ನು ಯಂತ್ರಭಾಷೆಗೆ ಪರಿವರ್ತಿಸುವ ಕಂಪೈಲರ್, ಆ ಆಜ್ಞೆ ಇನ್ನೂ ಮುಗಿದಿಲ್ಲವೆಂದು ತಿಳಿದು ಆರನೆಯ ಸಾಲಿಗೆ ಸಾಗುತ್ತದೆ. ಅಲ್ಲಿ ಹೊಂದದ ಪದ ಎದುರಾದಾಗ ಮಾತ್ರ ತಡೆಯುತ್ತದೆ. ಆದುದರಿಂದ ದೋಷವು ಆರನೆಯ ಸಾಲಿನಲ್ಲಿದೆಯೆಂದು ಅನೇಕ ವೇಳೆ ಅದು ತಿಳಿಸುತ್ತದೆ. ಹೊಸಬನು ನಿರ್ದೋಷವಾದ ಆ ಸಾಲನ್ನೇ ತಿದ್ದಿ ತಿದ್ದಿ ಕೆಡಿಸುವನು! ಮೇಲಿನ ಸಾಲಿನ ತುದಿಯನ್ನು ನೋಡಿದ್ದರೆ ಸಾಕಿತ್ತು.

ಆವರಣ ಚಿಹ್ನೆಯೊಂದನ್ನು ಮುಚ್ಚದಿದ್ದರೆ ಹತ್ತಾರು ದೋಷಗಳ ಪಟ್ಟಿಯೇ ಬರುವುದುಂಟು. ಅಂಜಬೇಕಾಗಿಲ್ಲ. ಮೊದಲನೆಯದನ್ನು ಸರಿಪಡಿಸಿ ಮತ್ತೆ ಕಂಪೈಲ್ ಮಾಡಿದರೆ ಉಳಿದವುಗಳಲ್ಲಿ ಹಲವು ತಾವಾಗಿಯೇ ಮಾಯವಾಗುತ್ತವೆ.

ಇದಕ್ಕಿಂತ ಅಪಾಯಕರವಾದುದು ಕಂಪೈಲರ್ ಹಿಡಿಯದ ತಪ್ಪು. ‘ಸಿ’ಯಲ್ಲಿ ಒಂಟಿ ಸಮಚಿಹ್ನೆಯು ಬೆಲೆಯನ್ನು ಕೊಡುತ್ತದೆ, ಜೋಡಿ ಸಮಚಿಹ್ನೆಯು ಹೋಲಿಸುತ್ತದೆ. ಅಂಕ 35 ಆಗಿದೆಯೇ ಎಂದು ಕೇಳಬೇಕಾದ ಕಡೆ ಒಂಟಿ ಚಿಹ್ನೆಯನ್ನು ಬರೆದರೆ ವ್ಯಾಕರಣವೇನೂ ಕೆಡುವುದಿಲ್ಲ. ಎಚ್ಚರಿಕೆಯನ್ನು ಬೇಡದಿದ್ದರೆ ಕಂಪೈಲರ್ ಸುಮ್ಮನಿರಬಹುದು. ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯ ಅಂಕವೂ 35 ಆಗಿಬಿಡುತ್ತದೆ.