ಪರದೇಶದ ರಸ್ತೆ: ಚಾಲಕರ ದುರಭ್ಯಾಸಗಳು ಮತ್ತು ವ್ಯಾಪಾರ ಪ್ರವಾಸಿಗನ ಎಚ್ಚರ

ನಮ್ಮ ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಖರೀದಿ, ಮಾರಾಟ ಹಾಗೂ ವಸ್ತುಪ್ರದರ್ಶನಗಳ ನಿಮಿತ್ತ ದುಬೈ, ಗುವಾಂಗ್‌ಝೌ, ಹ್ಯಾನೋವರ್‌ಗಳಿಗೆ ಹೋಗಿಬರುವುದು ಈಗ ಸಾಮಾನ್ಯ ಸಂಗತಿಯಾಗಿದೆ. ಪ್ರವಾಸಕ್ಕೆ ಮುನ್ನ ವೀಸಾ, ಮಾದರಿ ಸರಕು, ದರಪಟ್ಟಿ, ವಿದೇಶಿ ವಿನಿಮಯ ಇವೆಲ್ಲವನ್ನೂ ಕೂಲಂಕಷವಾಗಿ ಸಿದ್ಧಪಡಿಸಿಕೊಳ್ಳುವ ನಾವು, ತಲುಪಬೇಕಾದ ಊರಿನ ರಸ್ತೆಯ ಬಗ್ಗೆ ಮಾತ್ರ ವಿಚಾರಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 11.9 ಲಕ್ಷ ಜನರು ರಸ್ತೆ ಅಪಘಾತಗಳಲ್ಲಿ ಮೃತಪಟ್ಟರು. ಮಾಲೀಕನೇ ಆಧಾರಸ್ತಂಭವಾಗಿರುವ ಸಣ್ಣ ಘಟಕದಲ್ಲಿ, ಆತ ಮೂರು ತಿಂಗಳು ಪರದೇಶದ ಆಸ್ಪತ್ರೆಯಲ್ಲಿ ಮಲಗಿದರೆ ಕಾರ್ಮಿಕರ ಸಂಬಳಕ್ಕೂ ಬ್ಯಾಂಕಿನ ಕಂತಿಗೂ ಸಂಚಕಾರ ಬರುತ್ತದೆ. ಆದುದರಿಂದ ಈ ವಿಷಯವೂ ವ್ಯಾಪಾರದ ಸಿದ್ಧತೆಯ ಒಂದು ಭಾಗವೇ ಆಗಿದೆ.

ನಿಯಮ ಬೇರೆ, ರೂಢಿ ಬೇರೆ

ಒಂದು ದೇಶದ ಸಂಚಾರ ನಿಯಮಗಳನ್ನು ಪುಸ್ತಕದಿಂದ ತಿಳಿಯಬಹುದು. ಆದರೆ ಅಲ್ಲಿನ ಚಾಲಕರು ಯಾವ ನಿಯಮವನ್ನು ಹೇಗೆ ಮುರಿಯುತ್ತಾರೆ ಎಂಬುದು ರಸ್ತೆಗೆ ಇಳಿದಾಗಲೇ ತಿಳಿಯುತ್ತದೆ. ಹೆಡ್‌ಲೈಟ್ ಮಿನುಗಿಸುವುದನ್ನೇ ನೋಡೋಣ. ನಮ್ಮಲ್ಲಿ ಎದುರಿನ ವಾಹನ ಹೀಗೆ ಮಾಡಿದರೆ ‘ನಾನು ಬರುತ್ತಿದ್ದೇನೆ, ನೀನು ನಿಲ್ಲು’ ಎಂದು ಅರ್ಥ. ಇಂಗ್ಲೆಂಡಿನಲ್ಲಿ ಅನೇಕ ಚಾಲಕರು ಅದೇ ಸಂಜ್ಞೆಯಿಂದ ‘ನೀವು ಮೊದಲು ಹೋಗಿ’ ಎಂದು ಸೂಚಿಸುತ್ತಾರೆ. ಅಲ್ಲಿನ ಅಧಿಕೃತ ಹೆದ್ದಾರಿ ಸಂಹಿತೆಯಾದರೋ ಎರಡನ್ನೂ ಒಪ್ಪುವುದಿಲ್ಲ. ಅದರಂತೆ ಈ ಸಂಜ್ಞೆಗೆ ‘ನಾನು ಇಲ್ಲಿದ್ದೇನೆ’ ಎಂಬುದಷ್ಟೇ ಅರ್ಥ. ಒಂದೇ ಸಂಜ್ಞೆಗೆ ಮೂರು ಅರ್ಥಗಳಿದ್ದಾಗ, ತನ್ನ ಊರಿನ ಅರ್ಥವನ್ನೇ ನಂಬಿ ನಡೆದವನು ಅಪಾಯಕ್ಕೆ ಸಿಲುಕುತ್ತಾನೆ. ಈ ದೃಷ್ಟಿಯಿಂದ ನಮ್ಮವರು ಹೆಚ್ಚಾಗಿ ಹೋಗುವ ಮೂರು ಕಡೆಗಳ ಸ್ಥಿತಿಯನ್ನು ಪರಿಶೀಲಿಸೋಣ. ಮೂರು ಕಡೆಯೂ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ ಎಂಬುದು ಮೊದಲಿಗೆ ನೆನಪಿನಲ್ಲಿರಬೇಕು.

ದುಬೈ: ಬೆನ್ನಿಗಂಟಿ ಬರುವ ವಾಹನ

ಅರಬ್ ಸಂಯುಕ್ತ ಸಂಸ್ಥಾನದ ಹೆದ್ದಾರಿಗಳು ಅಗಲವಾಗಿಯೂ ನುಣುಪಾಗಿಯೂ ಇವೆ. ಅಲ್ಲಿ ಎದುರಾಗುವ ಮುಖ್ಯ ದುರಭ್ಯಾಸವೆಂದರೆ, ಎಡತುದಿಯ ವೇಗದ ಲೇನ್‌ನಲ್ಲಿ ಮುಂದಿನ ವಾಹನದ ಬೆನ್ನಿಗೆ ಅಂಟಿಕೊಂಡು ದೀಪ ಮಿನುಗಿಸುತ್ತಾ ದಾರಿ ಕೇಳುವುದು. ಇನ್ನೊಂದು, ನಿರ್ಗಮನದ ದಾರಿ ಕಂಡೊಡನೆ ಹಲವು ಲೇನ್‌ಗಳನ್ನು ಒಮ್ಮೆಗೇ ಅಡ್ಡಹಾಯುವುದು. ಗಂಟೆಗೆ 120 ಕಿ.ಮೀ. ವೇಗದಲ್ಲಿ ವಾಹನ ಒಂದು ಸೆಕೆಂಡಿಗೆ 33 ಮೀಟರ್ ಸಾಗುತ್ತದೆ. ಅಪಾಯ ಕಂಡು ಬ್ರೇಕಿನ ಮೇಲೆ ಕಾಲಿಡಲು ಸುಮಾರು ಒಂದು ಸೆಕೆಂಡಾದರೂ ಬೇಕು. ಹತ್ತು ಮೀಟರ್ ಅಂತರದಲ್ಲಿ ಹಿಂಬಾಲಿಸುವವನಿಗೆ ಆ ಸೆಕೆಂಡು ದೊರೆಯುವುದೇ ಇಲ್ಲ. 2008ರ ಮಾರ್ಚ್ 11ರ ಬೆಳಿಗ್ಗೆ ದುಬೈ–ಅಬುಧಾಬಿ ಹೆದ್ದಾರಿಯಲ್ಲಿ ದಟ್ಟ ಮಂಜಿನ ನಡುವೆ ವಾಹನಗಳು ಸಾಲಾಗಿ ಒಂದಕ್ಕೊಂದು ಢಿಕ್ಕಿ ಹೊಡೆದು, ಕೆಲವರು ಮೃತಪಟ್ಟು ನೂರಾರು ಜನರು ಗಾಯಗೊಂಡರು. ಇಂತಹ ಸಂದರ್ಭದಲ್ಲಿ ಅಂತರವೊಂದೇ ರಕ್ಷಣೆ.

ಸಾಕಷ್ಟು ಅಂತರ ಕಾಯ್ದುಕೊಳ್ಳದಿದ್ದರೆ 400 ದಿರ್ಹಮ್, ಹಠಾತ್ತಾಗಿ ಅಡ್ಡಹಾಯ್ದರೆ 1,000 ದಿರ್ಹಮ್ ದಂಡವಿದೆ. ಬಾಡಿಗೆ ಕಾರಿನ ದಂಡವನ್ನು ಕಾರಿನ ಸಂಸ್ಥೆಯು ಬಾಡಿಗೆಗೆ ಪಡೆದವನಿಂದಲೇ ವಸೂಲು ಮಾಡುತ್ತದೆ. ಹಿಂದಿನವನು ದೀಪ ಮಿನುಗಿಸಿದಾಗ ಛಲ ಸಾಧಿಸದೆ, ಬಲಗಡೆ ಜಾಗ ನೋಡಿಕೊಂಡು ಸರಿದುಬಿಡುವುದೇ ಜಾಣತನ. ನಿರ್ಗಮನ ತಪ್ಪಿದರೆ ಮುಂದಿನದರಲ್ಲಿ ಹೊರಳಿ ಬರಬಹುದು.

ಜರ್ಮನಿ: ಇಲ್ಲಿ ತಪ್ಪು ನಮ್ಮದೇ ಆಗಬಹುದು

ಜರ್ಮನಿಯ ಆಟೊಬಾನ್ ಹೆದ್ದಾರಿಗಳ ಬಹುಭಾಗದಲ್ಲಿ ಶಾಶ್ವತ ವೇಗಮಿತಿ ಇಲ್ಲ. 130 ಕಿ.ಮೀ. ಎಂಬುದು ಕೇವಲ ಶಿಫಾರಸು. ಅಲ್ಲಿಯೂ ಬೆನ್ನುಹತ್ತುವ ಚಾಲಕರಿದ್ದಾರೆ. ಆದರೆ ಮುಂದಿನವನನ್ನು ಹೀಗೆ ಬಿಡದೆ ಪೀಡಿಸುವುದು ಬಲಾತ್ಕಾರವೆಂಬ ಕ್ರಿಮಿನಲ್ ಅಪರಾಧವೂ ಆಗಬಹುದು. ವೇಗಮಾಪಕ ತೋರಿಸುವ ಅಂಕಿಯ ಅರ್ಧದಷ್ಟು ಮೀಟರ್ ಅಂತರವಿರಬೇಕೆಂಬುದು ಅಲ್ಲಿನ ಸೂತ್ರ. ಎಂದರೆ 130ರ ವೇಗಕ್ಕೆ 65 ಮೀಟರ್.

ನಮ್ಮವರ ದುರಭ್ಯಾಸಗಳು ಅಲ್ಲಿ ಎದ್ದು ಕಾಣುತ್ತವೆ. ಹಿಂದಿಕ್ಕಿದ ಮೇಲೂ ಎಡ ಲೇನ್‌ನಲ್ಲಿಯೇ ಉಳಿಯುವುದು, ಬಲಗಡೆಯಿಂದ ನುಸುಳಿ ಮುಂದೆ ಹೋಗುವುದು ಎರಡೂ ತಪ್ಪು. ಗಂಟೆಗೆ 100 ಕಿ.ಮೀ. ವೇಗದಲ್ಲಿರುವ ನಮ್ಮ ಹಿಂದೆ 300 ಮೀಟರ್ ದೂರದಲ್ಲಿ ಕಂಡ ಕಾರು 200ರ ವೇಗದಲ್ಲಿದ್ದರೆ, ಹನ್ನೊಂದು ಸೆಕೆಂಡಿನೊಳಗೆ ನಮ್ಮನ್ನು ಮುಟ್ಟುತ್ತದೆ. ಸಂಚಾರ ಸ್ಥಗಿತಗೊಂಡಾಗ ಎಡತುದಿಯ ಲೇನ್‌ನವರು ಎಡಕ್ಕೂ ಉಳಿದವರು ಬಲಕ್ಕೂ ಸರಿದು, ನಡುವೆ ಆಂಬುಲೆನ್ಸ್‌ಗೆ ದಾರಿ ಬಿಡಬೇಕು. ಬಿಡದವರಿಗೆ ಕನಿಷ್ಠ 200 ಯೂರೋ ದಂಡ. ನಿಂತ ವಾಹನಗಳ ನಡುವೆ ನುಗ್ಗುವ ನಮ್ಮ ರೂಢಿ ಅಲ್ಲಿ ಮತ್ತೊಬ್ಬರ ಪ್ರಾಣಕ್ಕೇ ಎರವಾಗಬಹುದು.

ಚೀನಾ: ಹಸಿರು ದೀಪವಿದ್ದರೂ ಎಚ್ಚರ

ನಮ್ಮಲ್ಲಿ ಪಡೆದ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಗೆ ಚೀನಾದಲ್ಲಿ ಮಾನ್ಯತೆ ಇಲ್ಲ. ಆದ್ದರಿಂದ ಗುವಾಂಗ್‌ಝೌ ಮೇಳಕ್ಕೆ ಹೋಗುವ ನಮ್ಮವರು ಸಾಮಾನ್ಯವಾಗಿ ಪಾದಚಾರಿಗಳು ಇಲ್ಲವೆ ಟ್ಯಾಕ್ಸಿಯ ಪ್ರಯಾಣಿಕರು. ಅಲ್ಲಿ ಕೆಂಪು ದೀಪವಿದ್ದರೂ, ಬಾಣದ ಗುರುತಿನ ಪ್ರತ್ಯೇಕ ದೀಪ ತಡೆಯದಿದ್ದರೆ, ವಾಹನಗಳು ಬಲಕ್ಕೆ ತಿರುಗಬಹುದು. ಪಾದಚಾರಿಗೆ ದಾರಿ ಬಿಡಬೇಕೆಂಬುದು ಕಾನೂನು. ಬಿಡದೆ ನುಗ್ಗುವುದು ಹಲವು ಚಾಲಕರ ಅಭ್ಯಾಸ. ಹಾಂಗ್‌ಝೌನಂತಹ ನಗರಗಳಲ್ಲಿ ಈ ವಿಷಯದಲ್ಲಿ ಒಳ್ಳೆಯ ಶಿಸ್ತು ನೆಲೆಗೊಂಡಿದೆ ಎಂಬುದನ್ನೂ ಹೇಳಬೇಕು. ಸದ್ದೇ ಮಾಡದ ವಿದ್ಯುತ್ ಬೈಕುಗಳು ವಿರುದ್ಧ ದಿಕ್ಕಿನಿಂದಲೂ ಪಾದಚಾರಿ ಮಾರ್ಗದ ಮೇಲೂ ಬರುತ್ತವೆ. ಕಿವಿಯನ್ನು ನಂಬದೆ ಕಣ್ಣನ್ನು ನಂಬಬೇಕು. ರಸ್ತೆಗೆ ಇಳಿಯುವಾಗ ಮೊದಲು ಎಡಕ್ಕೆ ನೋಡಬೇಕು.

ಟ್ಯಾಕ್ಸಿಗಳಲ್ಲಿ ಹಿಂದಿನ ಆಸನದ ಸೀಟ್ ಬೆಲ್ಟ್ ಹೊದಿಕೆಯ ಅಡಿ ಹುದುಗಿರುವುದುಂಟು. ಸಂಕೋಚಪಡದೆ ಹೊರತೆಗೆಸಿ ಧರಿಸಬೇಕು. 2022ರ ಸೆಪ್ಟೆಂಬರ್ 4ರಂದು ನಮ್ಮ ದೇಶದಲ್ಲೇ, ಮಹಾರಾಷ್ಟ್ರದ ಪಾಲ್ಘರ್ ಬಳಿ ಮೃತಪಟ್ಟ ಉದ್ಯಮಿ ಸೈರಸ್ ಮಿಸ್ತ್ರಿಯವರು ಹಿಂದಿನ ಆಸನದಲ್ಲಿ ಬೆಲ್ಟ್ ಧರಿಸದೆ ಕುಳಿತಿದ್ದರೆಂಬುದು ಪೊಲೀಸರ ಹೇಳಿಕೆ.

ಹೊರಡುವ ಮುನ್ನ

1. ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಿರಿ. ಅದರ ಅವಧಿ ಹೆಚ್ಚೆಂದರೆ ಒಂದು ವರ್ಷ. ಮೂಲ ಪರವಾನಗಿಯೂ ಜೊತೆಗಿರಲಿ.

2. ಮಾನ್ಯ ಪರವಾನಗಿ ಇಲ್ಲದೆ ವಾಹನ ನಡೆಸಿದರೆ ವಿಮೆಯ ಪರಿಹಾರ ಕೈತಪ್ಪಬಹುದು. ಬಾಡಿಗೆ ಪತ್ರಕ್ಕೆ ಸಹಿ ಮಾಡುವ ಮುನ್ನ ವಿಮೆಯ ಷರತ್ತುಗಳನ್ನು ಓದಿರಿ.

3. ರಾತ್ರಿಯ ವಿಮಾನದಿಂದ ಇಳಿದೊಡನೆ ಸ್ವತಃ ಚಾಲನೆಗೆ ಕೂರಬೇಡಿ. ಮೊದಲ ದಿನ ಟ್ಯಾಕ್ಸಿಯೇ ಮಿತವ್ಯಯ.

4. ಸ್ಥಳೀಯ ವ್ಯಾಪಾರಿ ಮಿತ್ರರನ್ನು ‘ಇಲ್ಲಿನ ಚಾಲಕರ ಕೆಟ್ಟ ಅಭ್ಯಾಸ ಯಾವುದು?’ ಎಂದು ಕೇಳಿರಿ. ನಿಯಮಪುಸ್ತಕದಲ್ಲಿ ಸಿಗದ ಉತ್ತರ ದೊರೆಯುತ್ತದೆ.

ಸ್ವೀಡನ್ ದೇಶವು 1967ರ ಸೆಪ್ಟೆಂಬರ್ 3ರಂದು ಎಡಬದಿಯ ಸಂಚಾರವನ್ನು ಬಲಬದಿಗೆ ಬದಲಾಯಿಸಿತು. ಅಪಘಾತಗಳು ಹೆಚ್ಚುವವೆಂಬ ಭಯವಿತ್ತು. ಆದರೆ ಎಲ್ಲರೂ ಎಚ್ಚರದಿಂದ ಇದ್ದುದರಿಂದ ಮೊದಮೊದಲು ಅವು ಕಡಿಮೆಯಾದವು. ಹೊಸತು ರೂಢಿಯಾದ ಮೇಲೆ ಸಂಖ್ಯೆ ಮತ್ತೆ ಹಿಂದಿನ ಮಟ್ಟಕ್ಕೇರಿತು. ಪ್ರವಾಸಿಗನಿಗೂ ಮೊದಲ ದಿನಕ್ಕಿಂತ, ‘ಈ ರಸ್ತೆ ನನಗೆ ಗೊತ್ತು’ ಎನಿಸುವ ನಾಲ್ಕನೆಯ ದಿನವೇ ಹೆಚ್ಚು ಅಪಾಯಕಾರಿ ಎಂಬುದನ್ನು ಮರೆಯಬಾರದು.